ಮಾಳಿಗಿಗೆ ಬಿಳಿ ಕೂಲ್ ರೂಫ್ ಪೇಂಟ್: ರಾಯಚೂರು ಬಿಸಲಾಗ ಒಂದು ವರ್ಷ ನೋಡಿದ ಮ್ಯಾಲ

ರಾಯಚೂರಾಗ ಮ್ಯಾಲಿನ ಮಹಡಿಯೊಳಗ ಇರೋರಿಗೆ, ಬಾಡಿಗಿ ಇರಲಿ ಸ್ವಂತ ಇರಲಿ, ಈ ರಿವ್ಯೂ. ಬಿಳಿ ಕೂಲ್ ರೂಫ್ ಪೇಂಟ್, 20 ಲೀಟರ್ ಬಕೆಟ್, ಪ್ರೈಮರ್ ಮ್ಯಾಲ ಎರಡು ಕೋಟ್, ನಮ್ಮ ಆರ್‌ಸಿಸಿ ಮಾಳಿಗಿಗೆ ಹೊಡಿಸಿದ್ದು. ಒಂದು ಪೂರಾ ಬ್ಯಾಸಗಿ ಒಂದು ಮಳಿಗಾಲ ಕಳದು ಈಗ ಎರಡನೇ ಬ್ಯಾಸಗಿ ನಡದೈತಿ, ಇಷ್ಟು ದಿನ ಬಿಟ್ಟು ಬರಿಯಾಕತ್ತೀನಿ ಯಾಕಂದ್ರ ಹೊಡಿಸಿದ ವಾರಕ್ಕ ಬರದ್ರ ಎಲ್ಲಾ ಪೇಂಟೂ ಛಲೋನ ಕಾಣ್ತಾವ. ಮೊದಲ ಹೇಳಿಬಿಡ್ತೀನಿ: ಕೆಲಸ ಮಾಡ್ತೈತಿ, ಕೊಟ್ಟ ರೊಕ್ಕಕ್ಕ ಮೋಸ ಇಲ್ಲ. ಆದ್ರ ಅಂಗಡ್ಯಾಗ ಹೇಳೋ ಕಾರಣಕ್ಕ ಕೆಲಸ ಮಾಡಂಗಿಲ್ಲ, ಬ್ಯಾರೆ ಕಾರಣಕ್ಕ ಮಾಡ್ತೈತಿ, ಆ ಕಾರಣ ತಿಳ್ಕೊಂಡು ತಗೊಂಡ್ರ ಅಷ್ಟ ನಿಮಗ ಸರಿಯಾದ ಡಬ್ಬಿ ಸಿಗತೈತಿ.

ಕಂಪನಿ ಹೆಸರು ಬರಿಯಂಗಿಲ್ಲ. ದೊಡ್ಡ ಕಂಪನಿಗಳು ಎಲ್ಲಾರೂ ಈಗ ಈ ಮಾಲು ಮಾಡ್ತಾರ, ಡಬ್ಬಿ ಹಿಂದ ಏನ್ ನೋಡ್ಬೇಕು ಅನ್ನೋದು ಎಲ್ಲಾದಕ್ಕೂ ಒಂದ.

ನಮ್ಮ ಮನಿ ಕಥಿ ಎಲ್ಲಾರ ಮನೀದೂ. ಮಾರ್ಚ್ ಮುಗಿಯೋದ್ರಾಗ ಮಾಳಿಗಿ ಕಾಯಾಕ ಸುರು ಆಗತೈತಿ, ಮೇ ಒಳಗ 42 ದಾಟಿದ ದಿನ ರಾತ್ರಿ ಹತ್ತಾದ್ರೂ ಹನ್ನೊಂದಾದ್ರೂ ಸೀಲಿಂಗ್ ಕೆಳಗ ಕೈ ಎತ್ತಿದ್ರ ಝಳ ಹೊಡಿತೈತಿ, ಫ್ಯಾನ್ ಹಾಕಿದ್ರ ಅದೇ ಬಿಸಿ ಗಾಳಿ ಕೆಳಗ ತಳ್ತೈತಿ. ಸ್ಲ್ಯಾಬ್ ಅನ್ನೋದು ಮುಂಜಾನಿಂದ ಬಿಸಲು ಕುಡದು ಕುಡದು ನಾಲ್ಕೈದು ತಾಸು ತಡಮಾಡಿ ಒಳಗ ಬಿಡ್ತೈತಿ, ಅದಕ್ಕ ಹೊರಗ ತಂಪಾದ ಮ್ಯಾಲೂ ಒಳಗ ಸೆಖಿ. ಹಳ್ಳಿಯಾಗಿನ ಮಣ್ಣಿನ ಮಾಳಿಗಿ ಮನ್ಯಾಗ ದಪ್ಪ ಮಣ್ಣು ಇರ್ತಿತ್ತು, ಬಿಸಲು ಕೆಳಗ ಇಳಿಯೋದ್ರಾಗ ಸಂಜಿ ಆಗಿ ತಿರುಗಿ ಹೋಗ್ತಿತ್ತು. ನಾವೀಗ ಐದಾರು ಇಂಚಿನ ಕಾಂಕ್ರೀಟಿನ ಕೆಳಗ ಇದ್ದೀವಿ.

ಈಗ ನಂಬರ್. ಅಳಿಯಾಕ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ತಂದೀನಿ, ಗನ್ ಥರ ಇರ್ತೈತಲ್ಲ ಅದು. ಮೇ ತಿಂಗಳ ಮಧ್ಯಾಹ್ನ, ಗಾಳಿ 41 ಇದ್ದಾಗ, ಪೇಂಟ್ ಹೊಡೀದೆ ಬಿಟ್ಟ ನೀರಿನ ಟ್ಯಾಂಕ್ ಪಕ್ಕದ ಬೂದು ಕಾಂಕ್ರೀಟ್ 62 ತೋರಿಸ್ತು, ಎರಡು ಮಾರು ಆಚೆ ಬಿಳಿ ಬಳದ ಜಾಗ 45. ಬರಿಗಾಲಿಲೆ ನಿಂದ್ರಬಹುದು, ಮೊದ್ಲು ಚಪ್ಪಲಿ ಇದ್ರೂ ಓಡಿ ಬರಬೇಕಿತ್ತು. ಒಳಗ ಸೀಲಿಂಗ್ ಸಂಜಿ ಆರಕ್ಕ ಹಿಂದಿನ ವರ್ಷ 42 ಹತ್ರ ಇರ್ತಿತ್ತು, ಈಗ 37. ರೂಮಿನ ಗಾಳಿ ಅಂತ ಕೇಳಿದ್ರ ಮೂರು ಡಿಗ್ರಿ ಕಮ್ಮಿ ಆಗೈತಿ ಅನ್ಬಹುದು, ಕಿಟಕಿ ತೆರದ ದಿನ ಅಷ್ಟೂ ಇಲ್ಲ. ಮೂರು ಡಿಗ್ರಿ ಸಣ್ಣದು ಅನ್ನಿಸಬಹುದು, ಆದ್ರ ಮೈಗೆ ಗೊತ್ತಾಗೋದು ಗಾಳಿ ಒಂದ ಅಲ್ಲ, ತಲಿ ಮ್ಯಾಲಿನ ಸೀಲಿಂಗಿನ ಝಳಾನೂ ಗೊತ್ತಾಗತೈತಿ, ಅದು ಹೋದದ್ದಕ್ಕ ಅವ್ವ ಈ ಸಲ ಮ್ಯಾಲಿನ ರೂಮಿನ್ಯಾಗ ಮಧ್ಯಾಹ್ನ ಮಲಗಾಕತ್ಯಾಳ.

ಡಬ್ಬಿ ಮ್ಯಾಲ "10 ಡಿಗ್ರಿ ತನಕ ತಂಪು" ಅಂತ ಬರದಿದ್ರ ಮೊದಲ ಕೇಳ್ರಿ, ಯಾವುದರ 10 ಡಿಗ್ರಿ? ಮಾಳಿಗಿ ಮೈದಾ, ರೂಮಿನ ಗಾಳೀದಾ? ಮೈ ಅಂದ್ರ 15 ಕೂಡ ಬರ್ತೈತಿ, ನಾನ ಅಳದೀನಿ. ಗಾಳಿ ಅಂದ್ರ 10 ಬರಂಗಿಲ್ಲ.

ಅಂಗಡಿ ಅನುಭವ ಹೇಳ್ತೀನಿ. ಸ್ಟೇಷನ್ ಕಡೆ ಒಂದು ಪೇಂಟ್ ಅಂಗಡಿಗೆ ಹೋದ್ರ ಸಾವ್ಕಾರ್ರು "ಅಣ್ಣಾರ ಇದು ನ್ಯಾನೋ ಟೆಕ್ನಾಲಜಿ, ಒಳಗ ಗಾಜಿನ ಗುಂಡು ಅದಾವ, ಬಿಸಲನ್ನ ತಡೀತಾವ" ಅಂತ ಎಲ್ಲಾದ್ರಕ್ಕಿಂತ ತುಟ್ಟಿ ಬಕೆಟ್ ಮುಂದ ಇಟ್ರು. "ಸಾವ್ಕಾರ್ರ, ಎಸ್‌ಆರ್‌ಐ ಎಷ್ಟು ಐತಿ, ಟೆಸ್ಟ್ ರಿಪೋರ್ಟ್ ಐತೇನು" ಅಂತ ಕೇಳಿದೆ (ಎಸ್‌ಆರ್‌ಐ ಅಂದ್ರ ಬಿಸಲಾಗ ಮಾಳಿಗಿ ಎಷ್ಟು ತಂಪಿರತೈತಿ ಅಂತ ತೋರಿಸೋ ನಂಬರ್, ಮುಂದ ಬಿಡಿಸಿ ಹೇಳ್ತೀನಿ), ಅದಕ್ಕ ಅವರ ಕಡೆ ಉತ್ತರ ಇರಲಿಲ್ಲ. ಎರಡನೇ ಅಂಗಡಿ ಹುಡುಗ ಮಾತ್ರ ಮೊಬೈಲ್ ತಗದು ಕಂಪನಿಯ ಡೇಟಾ ಶೀಟ್ ತೋರಿಸಿದ, ಅದರಾಗ ಸೋಲಾರ್ ರಿಫ್ಲೆಕ್ಟನ್ಸ್ ಇಷ್ಟು, ಎಮಿಟನ್ಸ್ ಇಷ್ಟು ಅಂತ ಎರಡೂ ಬರದಿತ್ತು, ಅಲ್ಲೇ ತಗೊಂಡೆ. ರೇಟು ಮೊದಲನೇದಕ್ಕಿಂತ ಕಮ್ಮೀನ ಇತ್ತು.

ಈ ಎರಡು ನಂಬರ್ ಗೊತ್ತಿದ್ರ ಸಾಕು, ಅದಕ್ಕ ಸ್ವಲ್ಪ ಬಿಡಿಸಿ ಹೇಳ್ತೀನಿ. ರಿಫ್ಲೆಕ್ಟನ್ಸ್ ಅಂದ್ರ ಬಿದ್ದ ಬಿಸಲಾಗ ಎಷ್ಟು ವಾಪಸ್ ಹೋಗತೈತಿ ಅನ್ನೋದು. ನಡು ಮಧ್ಯಾಹ್ನ ಒಂದು ಚದರ ಮೀಟರ್ ಮ್ಯಾಲ ಸುಮಾರು 1000 ವ್ಯಾಟ್ ಬಿಸಲು ಬೀಳ್ತೈತಿ. ಹಳೇ ಬೂದು ಕಾಂಕ್ರೀಟ್ ಅದರಾಗ 700 ಹತ್ರ ನುಂಗ್ತೈತಿ, 0.85 ಇರೋ ಬಿಳಿ ಪೇಂಟ್ 150 ಅಷ್ಟ ನುಂಗ್ತೈತಿ. ಸಾವಿರ ಚದರಡಿ ಮಾಳಿಗಿ ಅಂದ್ರ 93 ಚದರ ಮೀಟರ್, ಲೆಕ್ಕ ಹಾಕ್ರಿ, 50 ಕಿಲೋವ್ಯಾಟ್ ಮ್ಯಾಲ ಬಿಸಲು ಬಾಗಲಿಂದಾನ ವಾಪಸ್. ಅದೆಲ್ಲಾ ರೂಮಿನೊಳಗ ಬರ್ತಿತ್ತು ಅಂತಲ್ಲ, ಬೂದು ಮಾಳಿಗಿನೂ ಬಹಳಷ್ಟು ಗಾಳಿಗೆ ಬಿಡ್ತಿತ್ತು, ಆದ್ರೂ ಅದರಾಗ ಸಣ್ಣ ಪಾಲು ಕೆಳಗ ಇಳದ್ರೂ ಒಂದೂವರೆ ಟನ್ ಎಸಿ ಎಳಿಯೋದ 5 ಕಿಲೋವ್ಯಾಟ್ ಚಿಲ್ಲರೆ ಅನ್ನೋದು ನೆನಪಿಡ್ರಿ.

ಎಮಿಟನ್ಸ್ ಅಂದ್ರ ಕಾದದ್ದನ್ನ ಎಷ್ಟು ಜಲ್ದಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಆಗಿ ಆಕಾಶಕ್ಕ ಬಿಡ್ತೈತಿ ಅನ್ನೋದು. ಪೇಂಟಿನೊಳಗ ಇದು ಬಿಳಿ ಇರಲಿ ಕರಿ ಇರಲಿ 0.9 ಆಜುಬಾಜು ಇರ್ತೈತಿ, ಪೇಂಟಿಗೆ ಪೇಂಟು ಹೋಲಿಸೋವಾಗ ಇದರ ಚಿಂತಿ ಬ್ಯಾಡ. ಆದ್ರ ಹೊಳಿಯೋ ತಗಡಿಗೆ ಇದು ಬಹಳ ಕಮ್ಮಿ. ಪತ್ರಾಸ್ ಶೆಡ್ಡು ಕಣ್ಣು ಕುಕ್ಕುವಂಗ ಹೊಳದ್ರೂ ಒಳಗ ಬೆಂಕಿ ಆಗೋದು ಇದಕ್ಕ, ಬಿಸಲನ್ನ ಒಂದಿಷ್ಟು ವಾಪಸ್ ಕಳಿಸ್ತೈತಿ, ಒಳಗ ತಗೊಂಡದ್ದನ್ನ ಮಾತ್ರ ಹೊರಗ ಬಿಡಾಕ ಬರಂಗಿಲ್ಲ. ಅಂಥಾ ಹೊಸಾ ತಗಡಿಗೆ ಆ ಗನ್ ಥರ್ಮಾಮೀಟರ್ ಹಿಡಿದ್ರ ಸುಳ್ಳು ನಂಬರ್ ತೋರಿಸ್ತೈತಿ, ಯಾಕಂದ್ರ ಅದು ಆ ಇನ್‌ಫ್ರಾರೆಡ್ ನೋಡೇ ಲೆಕ್ಕ ಹಾಕೋದು. ರಿಫ್ಲೆಕ್ಟನ್ಸ್, ಎಮಿಟನ್ಸ್ ಎರಡೂ ಕೂಡಿಸಿ ಒಂದು ನಂಬರ್ ಮಾಡಿದ್ದ ಎಸ್‌ಆರ್‌ಐ. ರಿಫ್ಲೆಕ್ಟನ್ಸ್ 0.05 ಇರೋ ಕರಿಗೆ ಸೊನ್ನಿ, 0.80 ಇರೋ ಬಿಳಿಗೆ 100. ಒಳ್ಳೇ ಹೊಸಾ ಪೇಂಟ್ 100 ದಾಟ್ತೈತಿ, ಅದು ಮೋಸ ಅಲ್ಲ.

ಬಿಳಿ ಬರೋದು ಟೈಟಾನಿಯಂ ಡೈಆಕ್ಸೈಡಿನಿಂದ. ಕೇರಳದ ಕೊಲ್ಲಂ ಹತ್ರ ಸಮುದ್ರದ ಕರಿ ಮರಳಿನಿಂದ ತಗಿತಾರಲ್ಲ, ಅದೇ ವಸ್ತು. ಬೆಳಕನ್ನ ಬಗ್ಗಿಸಿ ಹಿಂದಕ್ಕ ಚೆದರಿಸೋ ಶಕ್ತಿ ಇದಕ್ಕ ಬಹಳ, ಅದಕ್ಕ ತೆಳ್ಳಗ ಹೊಡದ್ರೂ ಕೆಳಗಿನ ಬಣ್ಣ ಮುಚ್ಚತೈತಿ. ಆದ್ರ ಇದಕ್ಕ ಎರಡು ಕೊರತಿ ಅದಾವ. ಒಂದು, ಅಲ್ಟ್ರಾವಯೊಲೆಟ್ ಬೆಳಕನ್ನ ಇದು ನುಂಗ್ತೈತಿ, ಬಿಸಲಾಗ ಆ ಪಾಲು ನೂರಕ್ಕ ಐದರಷ್ಟು, ಹಂಗಾಗಿ ಎಷ್ಟು ಸುರದ್ರೂ ಸಾದಾ ಬಿಳಿ ಪೇಂಟ್ ಒಂದು ಮಿತಿಗೆ ನಿಂತುಬಿಡ್ತೈತಿ. ಎರಡನೇದು ದೊಡ್ಡದು. ಹಂಗ ನುಂಗಿದ ಬೆಳಕಿನ ಜೋರಿನ್ಯಾಗ ಅದು ಸುತ್ತ ಇರೋ ಅಂಟನ್ನ, ಅಂದ್ರ ಬೈಂಡರನ್ನ, ಮೆಲ್ಲಕ ತಿಂತೈತಿ. ಹಳೇ ಪೇಂಟ್ ಗ್ವಾಡಿ ಮುಟ್ಟಿದ್ರ ಕೈಗೆ ಬಿಳಿ ಹಿಟ್ಟು ಹತ್ತೈತಲ್ಲ, ಅದು ಇದೇ. ಅದಕ್ಕ ಛಲೋ ಕಂಪನಿಗಳು ಟೈಟಾನಿಯಂ ಕಣಕ್ಕ ಸಿಲಿಕಾ ಇಲ್ಲಾ ಅಲ್ಯುಮಿನಾದ ತೆಳ್ಳನ ಹೊದಿಕಿ ಹಾಕಿ ಸುಮ್ಮನ ಕೂಡಿಸಿರ್ತಾರ, ಬೈಂಡರ್ ಕೂಡ ಪೂರಾ ಅಕ್ರಿಲಿಕ್ ಇಡ್ತಾರ, ಅಕ್ರಿಲಿಕ್ ಬಿಸಲಿಗೆ ಹಳದಿ ಆಗೋದು ಕಮ್ಮಿ. ಒಳಗಿನ ಗ್ವಾಡಿಗೆ ಹೊಡಿಯೋ ಅಗ್ಗದ ಬಿಳಿ ಡಿಸ್ಟೆಂಪರ್ ಮಾಳಿಗಿಗೆ ಹೊಡದು ಅದೂ ಬಿಳೀನ ಅಲ್ಲೇನು ಅನ್ನೋರಿಗೆ ಉತ್ತರ ಇದು: ಹೌದು, ಮೊದಲ ತಿಂಗಳು ಬಿಳೀನ, ಮಳಿಗಾಲ ಆದ ಮ್ಯಾಲ ನೋಡ್ರಿ.

ಗಾಜಿನ ಗುಂಡಿನ ವಿಷಯ. ಪೊಳ್ಳು ಗುಂಡುಗಳು ಖರೇನ ಇರ್ತಾವ, ಕಣ್ಣಿಗೆ ಕಾಣದಷ್ಟು ಸಣ್ಣವು. ಇಂಥಾವು ಕಲ್ಲಿದ್ದಲು ಸುಟ್ಟ ಹಾರುಬೂದಿಯೊಳಗೂ ತಾವಾಗೇ ಹುಟ್ತಾವ, ಸೆನೋಸ್ಫಿಯರ್ ಅಂತಾರ, ಒಳಗ ಪೊಳ್ಳು ಇರೋದ್ರಿಂದ ಬೂದಿ ಕೆರಿಯ ನೀರಿನ ಮ್ಯಾಲ ತೇಲ್ತಾವ, ಅವನ್ನ ಬಳಕೊಂಡು ಪೇಂಟಿಗೆ ಹಗುರ ಸಿಮೆಂಟಿಗೆ ಮಾರ್ತಾರ. ಶಕ್ತಿನಗರದಾಗ 1985ರಿಂದ ಕಲ್ಲಿದ್ದಲು ಉರಿಯೋ ನಮ್ಮ ಜಿಲ್ಲಾಕ್ಕ ಈ ವಸ್ತು ಹೊರಗಿಂದಲ್ಲ. ಈ ಗುಂಡು ಪೇಂಟನ್ನ ಹಗುರ ಮಾಡ್ತಾವ, ಬೆಳಕು ಚೆದರಿಸಾಕೂ ಸ್ವಲ್ಪ ಸಹಾಯ. ಆದ್ರ ಬಿಸಿ ತಡಿಯೋ ಹೊದಿಕಿ ಅಂತ ಮಾರೋದು ತಪ್ಪು. ಅರ್ಧ ಮಿಲಿಮೀಟರ್ ಪದರು ಎಂಥಾ ಗುಂಡು ಹಾಕಿದ್ರೂ ಒಂದಿಂಚಿನ ಥರ್ಮಾಕೋಲ್ ತಡಿಯೋದ್ರಾಗ ನೂರನೇ ಒಂದು ಪಾಲೂ ತಡೆಯಂಗಿಲ್ಲ. ದಪ್ಪ ಬೇಕ ಬೇಕು. ಗುಂಡಿನ ಹೆಸರಿಗೆ ಒಂದೂವರೆ ಪಟ್ಟು ರೇಟು ಕೊಡಬ್ಯಾಡ್ರಿ, ರಿಫ್ಲೆಕ್ಟನ್ಸ್ ನಂಬರಿಗೆ ಕೊಡ್ರಿ.

ಹೊಡಿಯೋ ಕೆಲಸದಾಗ ಜಗಳ ಆತು. ಮೇಸ್ತ್ರಿ ಮುಂಜಾನಿ ಹತ್ತೂವರೆಗೆ ಬಂದು, ಬಕೆಟಿಗೆ ಡಬ್ಬಿಯಾಗ ಬರದದ್ದಕ್ಕಿಂತ ಡಬಲ್ ನೀರು ಹಾಕಿ ರೋಲರ್ ಹಚ್ಚಿದ. "ಗಟ್ಟಿ ಐತಿ ಸರ್ರ, ಎಳಿಯಾಕ ಬರವಲ್ದು." ನೀರು ಜಾಸ್ತಿ ಆದ್ರ ಪದರು ತೆಳ್ಳಗ, ಪದರು ತೆಳ್ಳಗಾದ್ರ ಬೆಳಕು ಕೆಳಗಿನ ಸಿಮೆಂಟಿನ ತನಕ ಹೋಗತೈತಿ, ಕಣ್ಣಿಗೆ ಬಿಳಿ ಕಂಡ್ರೂ ಕೆಲಸ ಅರ್ಧ. ಇನ್ನ ಹತ್ತೂವರೆ ಬಿಸಲು. ಈ ಪೇಂಟಿನೊಳಗ ಅಕ್ರಿಲಿಕ್ ಸಣ್ಣ ಸಣ್ಣ ಹನಿಯಾಗಿ ನೀರಿನ್ಯಾಗ ತೇಲ್ತಿರ್ತೈತಿ, ನೀರು ಮೆಲ್ಲಕ ಆರಿದಾಗ ಆ ಹನಿ ಒಂದಕ್ಕೊಂದು ಒತ್ತಿ ಬೆಸದು ಒಂದೇ ಹಾಳಿ ಆಗಬೇಕು. ಕಾದ ಸ್ಲ್ಯಾಬ್ ಮ್ಯಾಲ ಹಾಕಿದ್ರ ನೀರು ಚಣದಾಗ ಹಾರಿ ಹೋಗತೈತಿ, ಹನಿ ಬೆಸಿಯೋ ಮೊದಲ ಬಿರುಕು. ನಾನು ನಿಲ್ಲಿಸಿ ಕಳಿಸಿದೆ, ಉಳಿದದ್ದು ಮುಂಜಾನಿ ಆರರಿಂದ ಎಂಟೂವರೆ ಒಳಗ, ಎರಡನೇ ಕೋಟ್ ಮೊದಲನೇದಕ್ಕ ಅಡ್ಡ. ಮೇಸ್ತ್ರಿಗೆ ಸಿಟ್ಟು ಬಂತು, ಆದ್ರ ಕೆಲಸ ಚೊಕ್ಕ ಮಾಡಿಕೊಟ್ಟ. ಮೊದಲ ದಿನ ನೀರು ಜಾಸ್ತಿ ಹಾಕಿ ಎಳದ ಮೂಲಿ ಈಗ ಬೂದು ಹೊಡ್ಯಾಕತ್ತೈತಿ, ಉಳಿದ ಕಡೆ ಗಟ್ಟಿ ಐತಿ, ಒಂದೇ ಬಕೆಟಿನ ಪೇಂಟು ನೋಡ್ರಿ ಎರಡೂ.

ಹೊಡಿಸೋ ಮೊದಲು ಬಿರುಕು ತುಂಬಿಸೋದು, ಹಳೇ ಪಾಚಿ ತಂತಿ ಬ್ರಷ್ಷಿನಿಂದ ಕೆರದು ತೊಳೆಯೋದು, ಹೊಸಾ ಸಿಮೆಂಟ್ ಗಿಲಾವ್ ಆಗಿದ್ರ ಕ್ಯೂರಿಂಗ್ ಪೂರಾ ಆಗಿ ಒಣಗೋತನಕ ಕಾಯೋದು, ಇವೆಲ್ಲಾ ಮೇಸ್ತ್ರಿ ಬ್ಯಾಡ ಅಂದ್ರೂ ಮಾಡಿಸ್ರಿ. ಸೋರೋ ಮಾಳಿಗಿಗೆ ಈ ಪೇಂಟ್ ಮದ್ದಲ್ಲ, ವಾಟರ್‌ಪ್ರೂಫ್ ಬ್ಯಾರೆ ಕೆಲಸ.

ಇನ್ನ ನಮ್ಮೂರಿನ ಖರೇ ಸಮಸ್ಯೆ ಧೂಳು. ರೋಡಿನ ಮಣ್ಣು, ರೈಸ್ ಮಿಲ್ ಕಡೆಯಿಂದ ಹಾರೋ ಕರಿ ಬೂದಿ, ಸುಗ್ಗಿ ಮುಗದ ಮ್ಯಾಲ ಹುಲ್ಲು ಸುಡೋ ಹೊಗಿ, ಎಲ್ಲಾ ಬಂದು ಮಾಳಿಗಿ ಮ್ಯಾಲ ಕುಂದ್ರತೈತಿ. ಕರಿ ಮಸಿ ತೆಳ್ಳಗ ಕುಂತ್ರೂ ಸಾಕು, ಬಿಸಲು ನುಂಗಾಕ ಅದರಂಥಾ ವಸ್ತು ಇನ್ನೊಂದಿಲ್ಲ. ಬಳ್ಳಾರಿ ಕಡೆ ಇದ್ದೋರಿಗೆ ಕೆಂಪು ಧೂಳು, ಅದರಾಗ ಕಬ್ಬಿಣದ ಆಕ್ಸೈಡ್, ಅದು ನೀಲಿ ಹಸಿರು ಬೆಳಕೆಲ್ಲಾ ನುಂಗಿ ಕೆಂಪಷ್ಟ ವಾಪಸ್ ಕೊಡ್ತೈತಿ, ಅದಕ್ಕ ಕೆಂಪು ಕಾಣೋದು. ಜನವರಿಯೊಳಗ ನಾನು ಅಳದಾಗ ಬಿಳಿ ಮತ್ತ ಬೂದು ಜಾಗದ ನಡುವಿನ ಅಂತರ ಅರ್ಧಕ್ಕ ಇಳದಿತ್ತು, ಪೇಂಟ್ ಹೋತು ಅಂತ ಅವ್ವ ಅಂದ್ಲು. ಮೆತ್ತನ ಕಸಬರಿಗಿ, ಒಂದು ಬಕೆಟ್ ನೀರಿಗೆ ಸ್ವಲ್ಪ ಸೋಪಿನ ಪುಡಿ ಹಾಕಿ ತೊಳದ ಮ್ಯಾಲ ಹೆಚ್ಚೂಕಮ್ಮಿ ಮೊದಲಿನಂಗ ಬಂತು. ಅದಕ್ಕ ಶಿವರಾತ್ರಿ ಹೊತ್ತಿಗೆ ಒಮ್ಮೆ ತೊಳಿಸ್ರಿ, ಬಿಸಲು ಏರೋ ಮೊದಲ. ಡೇಟಾ ಶೀಟಿನ್ಯಾಗ ಹೊಸಾದರ ನಂಬರ್ ಜೊತಿಗೆ ಮೂರು ವರ್ಷ ಹಳೇದಾದ ಮ್ಯಾಲಿನ ನಂಬರ್ ಕೊಟ್ಟಿದ್ರ ಅಂಥಾ ಕಂಪನೀನ ಆರಿಸ್ರಿ, ಅದನ್ನ ಹೇಳಾಕ ಧೈರ್ಯ ಬೇಕು.

ಸುಣ್ಣ ಹೊಡದ್ರ ಸಾಲದೇನು ಅಂತ ಬಹಳ ಮಂದಿ ಕೇಳ್ತಾರ. ಸಾಲತೈತಿ, ಒಂದು ಬ್ಯಾಸಗಿಗೆ. ನೀರಿನ್ಯಾಗ ಕಲಸಿದ ಸುಣ್ಣ ಗಾಳಿಯೊಳಗಿನ ಕಾರ್ಬನ್ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೋನೇಟ್ ಆಗತೈತಿ, ಅದು ಛಲೋ ಬಿಳಿ, ಅಲ್ಟ್ರಾವಯೊಲೆಟ್ ಕೂಡ ನುಂಗಂಗಿಲ್ಲ. ರೊಕ್ಕ ಕಮ್ಮಿ ಇದ್ದೋರು, ಬಾಡಿಗಿ ಮನ್ಯಾಗ ಇದ್ದೋರು ಮಾರ್ಚ್ ತಿಂಗಳಾಗ ಸುಣ್ಣಕ್ಕ ಒಂದಿಷ್ಟು ಫೆವಿಕಾಲ್ ಕೂಡಿಸಿ ಎರಡು ಸಲ ಬಳದುಬಿಡ್ರಿ, ಕೂಲ್ ರೂಫ್ ಪೇಂಟಿನ ಲಾಭದಾಗ ದೊಡ್ಡ ಪಾಲು ಸಿಗತೈತಿ. ಮಳಿ ಬಂದ್ರ ತೊಳಕೊಂಡು ಹೋಗತೈತಿ, ಮುಂದಿನ ವರ್ಷ ಮತ್ತ. ಈ ಮಾತು ಪೇಂಟ್ ಅಂಗಡಿಯವರು ಯಾರೂ ಹೇಳಲಿಲ್ಲ. ರೊಕ್ಕ ಇದ್ದೋರು ಬಿಳಿ ಚೀನಿ ಟೈಲ್ಸ್ ಚೂರು ಹಾಕಿಸಬಹುದು, ಅದು ಬಹಳ ವರ್ಷ ಬರ್ತೈತಿ, ತೊಳಿಯಾಕೂ ಸಲೀಸು, ಆದ್ರ ಮಾಳಿಗಿ ಮ್ಯಾಲ ಭಾರ ಏರತೈತಿ, ಹಳೇ ಸ್ಲ್ಯಾಬ್ ಇದ್ರ ಎಂಜಿನಿಯರಿಗೆ ತೋರಿಸಿ ಮುಂದ ಹೋಗ್ರಿ.

ಈ ಸಂಶೋಧನಾ ಎಲ್ಲಿಗೆ ಹೋಗೈತಿ ಅನ್ನೋದು ನೋಡಿದ್ರ ನನಗ ಖರೇನ ಖುಷಿ ಆಗತೈತಿ. ಭೂಮಿ ಮ್ಯಾಲಿನ ಹವಾ ಅಲೆಯ ಉದ್ದ 8ರಿಂದ 13 ಮೈಕ್ರಾನ್ ನಡುವ ಇರೋ ಇನ್‌ಫ್ರಾರೆಡ್ ಬೆಳಕನ್ನ ಹೆಚ್ಚು ತಡಿಯಂಗಿಲ್ಲ, ಅಲ್ಲೊಂದು ಕಿಟಕಿ ತೆರದಂಗ ಐತಿ. ಆ ಕಿಟಕಿಯಿಂದ ಮಾಳಿಗಿ ತನ್ನ ಬಿಸಿನ ಸೀದಾ ಮ್ಯಾಲಿನ ತಣ್ಣನ ಆಕಾಶಕ್ಕ ಕಳಿಸಬಹುದು. ರಾತ್ರಿ ಇದು ಎಲ್ಲಾ ಕಡೆ ನಡೀತೈತಿ. ಹಗಲು ಬಿಸಲಾಗ ನಡಿಬೇಕಂದ್ರ ಬಿಸಲನ್ನ ಹೆಚ್ಚೂಕಮ್ಮಿ ಪೂರಾ ವಾಪಸ್ ಕಳಿಸೋ ಮೈ ಬೇಕು. 2014ರಾಗ ಸ್ಟ್ಯಾನ್‌ಫೋರ್ಡಿನ ಆಶ್ವತ್ ರಾಮನ್, ಶಾನ್‌ಹುಯಿ ಫ್ಯಾನ್ ಅವರ ತಂಡ ಬೆಳ್ಳಿ ಮ್ಯಾಲ ಏಳು ಪದರು ಹಾಕಿದ ಒಂದು ಹಾಳಿ ಮಾಡಿ, ನೇರ ಬಿಸಲಾಗ ಇಟ್ರೂ ಸುತ್ತಲ ಗಾಳಿಗಿಂತ 4.9 ಡಿಗ್ರಿ ತಣ್ಣಗ ಇರೋದು ತೋರಿಸಿದ್ರು. ಕರೆಂಟ್ ಇಲ್ಲ, ನೀರಿಲ್ಲ. ನಮ್ಮ ಪೇಂಟು ಇನ್ನೂ ಗಾಳಿಗಿಂತ ನಾಲ್ಕು ಡಿಗ್ರಿ ಬಿಸೀನ ಐತಿ ಅನ್ನೋದು ನೆನಪಿಟ್ಟು ಇದನ್ನ ಓದ್ರಿ.

ಬೆಳ್ಳಿ ಹಾಳಿ ಯಾರ ಮಾಳಿಗಿಗೂ ಬರಂಗಿಲ್ಲ, ಅದಕ್ಕ ಅಮೆರಿಕದ ಪರ್ಡ್ಯೂ ಯೂನಿವರ್ಸಿಟಿಯ ಶ್ಯೂಲಿನ್ ರುವಾನ್ ತಂಡ ಪೇಂಟ್ ದಾರಿ ಹಿಡೀತು. 2020ರಾಗ ಕ್ಯಾಲ್ಸಿಯಂ ಕಾರ್ಬೋನೇಟ್ ಹಾಕಿ 95.5 ಶೇಕಡಾ, 2021ರಾಗ ಬೇರಿಯಂ ಸಲ್ಫೇಟ್ ಹಾಕಿ 98.1 ಶೇಕಡಾ ಬಿಸಲು ವಾಪಸ್ ಕಳಿಸೋ ಪೇಂಟ್ ಮಾಡಿದ್ರು. ಬೇರಿಯಂ ಸಲ್ಫೇಟ್ ಅಂದ್ರ ಹೊಟ್ಟಿ ಎಕ್ಸ್‌ರೇ ತಗಿಯೋ ಮೊದಲ ಕುಡಸ್ತಾರಲ್ಲ ಆ ಬಿಳಿ ಹಾಲಿನಂಥಾದ್ದು. ಅಲ್ಟ್ರಾವಯೊಲೆಟ್ ನುಂಗಂಗಿಲ್ಲ. ಆದ್ರ ಬೆಳಕು ಬಗ್ಗಿಸೋ ಶಕ್ತಿ ಟೈಟಾನಿಯಂನಷ್ಟು ಇಲ್ಲ, ಅದಕ್ಕ ಪೇಂಟಿನ್ಯಾಗ ನೂರಕ್ಕ 60 ಪಾಲು ಅದನ್ನೇ ತುಂಬಿ, ಕಣದ ಸೈಜ್ ಬ್ಯಾರೆ ಬ್ಯಾರೆ ಇಟ್ರು, ಒಂದೊಂದು ಸೈಜು ಒಂದೊಂದು ಬಣ್ಣದ ಬೆಳಕನ್ನ ಛಲೋ ಚೆದರಿಸ್ತೈತಿ ಅಂತ. ಅಷ್ಟು ತುಂಬಿದ್ರ ಅಂಟು ಕಮ್ಮಿ, ಪದರೂ ದಪ್ಪ, ನಮ್ಮ ಮಳಿ ಬಿಸಲಿಗೆ ಎಷ್ಟು ವರ್ಷ ತಾಳತೈತಿ ಅನ್ನೋದು ನೋಡಬೇಕಾದ ಮಾತು. ಇದರ ಅದಿರು ಬರೈಟ್, ಅದರ ದೊಡ್ಡ ಗಣಿ ನಮಗ ದೂರಿಲ್ಲ, ಆಂಧ್ರದ ಕಡಪ ಕಡೆ ಮಂಗಂಪೇಟದಾಗ ಐತಿ, ಜಗತ್ತಿನ ದೊಡ್ಡ ನಿಕ್ಷೇಪದಾಗ ಅದೂ ಒಂದು. ಹೊರಗಿನವರು ಮಾಡಿ ಕಳಿಸೋತನಕ ಕಾಯದೆ ನಮ್ಮ ಪೇಂಟ್ ಕಂಪನಿಗಳೇ ಇದನ್ನ ಮಾಡಿ ತೋರಿಸಬೇಕು, ಇಲ್ಲಿ ಬಿಸಲೂ ಐತಿ, ಅದಿರೂ ಐತಿ, ಕೊಳ್ಳೋ ಮಂದೀನೂ ಅದಾರ.

2023ರಾಗ ಹಾಂಗ್‌ಕಾಂಗಿನ ಸಂಶೋಧಕರು ಬಿಳಿ ದುಂಬಿಯ ಮೈ ನೋಡಿ ಕಲ್ತು 99.6 ಶೇಕಡಾ ಬಿಸಲು ವಾಪಸ್ ಕಳಿಸೋ ಸೆರಾಮಿಕ್ ಮಾಡಿದ್ರು. ಅದು ಟೈಲ್ಸ್ ಆಗಿ ಬಂದ್ರ ಚೀನಿ ಚೂರಿನ ಜಾಗಕ್ಕ ಬರಬಹುದು. ಪಕ್ಕದ ತೆಲಂಗಾಣ 2023ರಾಗೇ ಕೂಲ್ ರೂಫ್ ಪಾಲಿಸಿ ತಂದೈತಿ, ಕೃಷ್ಣಾ ಹೊಳಿ ದಾಟಿದ್ರ ಆ ರಾಜ್ಯ, ಬಿಸಲು ಎರಡೂ ದಂಡಿಗೂ ಒಂದ. ನಮ್ಮ ಕಡೆ ಅಂಗನವಾಡಿ, ಸರ್ಕಾರಿ ಶಾಲಿ ಮಾಳಿಗಿಗಾದ್ರೂ ಮೊದಲು ಬಳೀಬೇಕು, ಮಕ್ಕಳು ಮಾರ್ಚ್ ಏಪ್ರಿಲ್ ಪರೀಕ್ಷಿ ಬರಿಯೋದು ಅದರ ಕೆಳಗ.

ಸಣ್ಣ ಪುಟ್ಟ ತಕರಾರು ಅದಾವ. ಮಧ್ಯಾಹ್ನ ಮಾಳಿಗಿ ಹತ್ತಿದ್ರ ಕಣ್ಣು ಕುಕ್ಕತೈತಿ, ನಿಮ್ಮ ಮಾಳಿಗಿಗಿಂತ ಎತ್ತರ ಇರೋ ಬಾಜೂ ಮನಿ ಕಿಟಕಿಗೆ ಬೆಳಕು ಹೊಡೀತೈತಿ, ಮೊದಲ ಒಂದು ಮಾತು ಹೇಳಿಟ್ರ ಛಲೋ. ನೀರು ಬಿದ್ರ ಜಾರತೈತಿ, ವಯಸ್ಸಾದೋರು ಬಟ್ಟಿ ಒಣಹಾಕಾಕ ಹೋಗೋ ಜಾಗಕ್ಕ ಹಾದಿಯಷ್ಟು ಬಿಟ್ಟು ಬಳೀರಿ. ಅವ್ವನ ತಕರಾರು ಬ್ಯಾರೆ, "ತಮ್ಮಾ, ಸಂಡಿಗಿ ಮ್ಯಾಲ ಒಣಗೈತಿ, ಕೆಳಗ ಇನ್ನೂ ಹಸಿ ಐತಲ್ಲೋ" ಅಂತಾಳ, ಅದು ಖರೇ, ನೆಲ ಕಾಯಲಿಲ್ಲ ಅಂದ್ರ ಸಂಡಿಗಿ ತಳ ಒಣಗಾಕ ತಡ ಆಗತೈತಿ, ಈಗ ಟ್ಯಾಂಕ್ ಪಕ್ಕದ ಬೂದು ಜಾಗ ಸಂಡಿಗಿ ಹಪ್ಪಳಕ್ಕ ಬಿಟ್ಟೀವಿ. ಮೆಣಸಿನಕಾಯಿ ಹಾಕೋರು ಕೆಳಗ ತಾಡಪತ್ರಿ ಹಾಸ್ರಿ, ಕೆಂಪು ಕಲಿ ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ.

ಆರ್‌ಸಿಸಿ ಮಾಳಿಗಿ ಕೆಳಗ ಇರೋರಿಗೆ, ಕೂಲರ್ ಇಟ್ಟು ಕರೆಂಟ್ ಹೋದಾಗ ಒದ್ದಾಡೋರಿಗೆ, ಮನ್ಯಾಗ ಸಣ್ಣ ಕೂಸು ಇಲ್ಲಾ ಮುದಕರು ಇರೋರಿಗೆ ನಾನು ಕಣ್ಣು ಮುಚ್ಚಿ ಹೊಡಿಸ್ರಿ ಅಂತೀನಿ. ಕೆಳಗಿನ ಮಹಡ್ಯಾಗ ಇರೋರಿಗೆ ಇದರಿಂದ ಉಪಯೋಗ ಇಲ್ಲ, ಆ ರೊಕ್ಕದಾಗ ಪಶ್ಚಿಮದ ಕಿಟಕಿಗೆ ನೆರಳು ಮಾಡ್ಸ್ರಿ. ಎಲ್ಲಾದ್ರಕ್ಕಿಂತ ಜಾಸ್ತಿ ಬೇಕಾದದ್ದು ಪತ್ರಾಸ್ ಮನ್ಯಾಗ ಇರೋರಿಗೆ, ತಗಡು ತೆಳ್ಳಗ ಇರೋದ್ರಿಂದ ಮ್ಯಾಲ ಬಳದ ಕೂಡ್ಲೆ ಒಳಗ ಗೊತ್ತಾಗತೈತಿ, ಆದ್ರ ತಗಡಿಗೆ ಹತ್ತೋ ಬ್ಯಾರೆ ಪ್ರೈಮರ್ ಬೇಕು, ಇಲ್ಲಾಂದ್ರ ಸಿಪ್ಪಿ ಎದ್ದು ಬರತೈತಿ. ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ಯಾರಾದ್ರೂ ತಗಡಿನ ಮ್ಯಾಲ ಹೊಡಿಸಿ ಒಂದು ಮಳಿಗಾಲ ದಾಟಿಸಿದ್ರ ಯಾವ ಪ್ರೈಮರ್ ಹಾಕಿದ್ರಿ, ಹೆಂಗ ನಿಂತೈತಿ ಅಂತ ಕೆಳಗ ಬರೀರಿ, ನಮ್ಮ ಹಿಂದಿನ ಓಣ್ಯಾಗ ನಾಲ್ಕೈದು ಮನಿಯವರು ಕೇಳ್ಯಾಕತ್ತಾರ.